ಫ್ಲೈವೀಲ್ ತಿರುಗಿಸುತ್ತಿದ್ದವಳು

ಏಪೆಕ್ಸ್, ನಾರ್ತ್ ಕೆರೊಲಿನಾ
೧೧ ಜೂನ್ ೨೦೨೩, ಭಾನುವಾರ

ರಿತೇಶನ ಅಪ್ಪಯ್ಯನಿಗೆ,

ನಿಮ್ಮ ಸಕ್ಕರೆ ಎಷ್ಟಿದೆ? ಬೆಳಗಿನ ಗುಳಿಗೆಯನ್ನು ಗಂಜಿಗೆ ಮುಂಚೆ ತೆಗೆದುಕೊಳ್ಳುತ್ತೀರೋ ಅಥವಾ ನಾನಿಲ್ಲ ಎಂದು ಮರೆತ ಹಾಗೆ ಮಾಡುತ್ತೀರೋ? ಎಡಗಿವಿಗೆ ಎಣ್ಣೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಿರಲಿ. ನಾನು ಚೆನ್ನಾಗಿದ್ದೇನೆ. ಇಲ್ಲಿ ಬಂಗುಡೆ ಮೀನು ಸಿಗುತ್ತದೆ, ಆದರೆ ಐಸಿನಲ್ಲಿಟ್ಟು ಕಲ್ಲಿನಂತೆ ಗಟ್ಟಿಯಾದದ್ದು. ಅರ್ಧ ದಿನ ನೀರಿನಲ್ಲಿಟ್ಟರೆ ಮಾತ್ರ ಚೂರಿ ಇಳಿಯುತ್ತದೆ. ಫೋನು ಇರುವಾಗ ಪತ್ರ ಯಾಕೆ ಎಂದು ನಿಮಗೆ ಅನ್ನಿಸಬಹುದು. ಮೂರು ವಾರ ಆ ಫೋನು ಅಪ್ಪ ಮಗ ನಿಮ್ಮಿಬ್ಬರ ಕೈಯಲ್ಲೇ ಇತ್ತು, ನನ್ನ ಕೈಗೆ ಬಂದದ್ದು ಚಾರ್ಜಿಗೆ ಹಾಕುವುದಕ್ಕೆ ಮಾತ್ರ. ಪಕ್ಕದ ಬೀದಿಯ ರಾಜಲಕ್ಷ್ಮಿ ಇವತ್ತು ಸಂಜೆ ಊರಿಗೆ ಹೊರಡುತ್ತಾಳೆ. ಕುಂದಾಪುರದಲ್ಲಿ ಅವಳ ತಮ್ಮನಿದ್ದಾನೆ, ಅವನೇ ಪತ್ರವನ್ನು ಗಂಗೊಳ್ಳಿಗೆ ತಲುಪಿಸುತ್ತಾನೆ.

ಆ ಮೋಟಾರು ಮನೆಗೆ ಬಂದ ದಿನವೇ ನನಗೆ ಸರಿಬಂದಿರಲಿಲ್ಲ. ಯಾರೋ ಮುದುಕರು ಮನೆ ಖಾಲಿ ಮಾಡುತ್ತ ಅಂಗಳದಲ್ಲಿ ಸಾಮಾನು ಹರಡಿ ಮಾರುತ್ತಿದ್ದರಂತೆ. ಔಷಧ ಕಂಪನಿಯಲ್ಲಿ ಬಿಳಿ ಕೋಟು ಹಾಕಿ ಕೆಲಸ ಮಾಡುವ ನಿಮ್ಮ ಮಗ ದೋಣಿಯ ಹಿಂಬದಿಗೆ ಕಟ್ಟುವ ಒಂದು ತುಕ್ಕು ಹಿಡಿದ ಔಟ್‌ಬೋರ್ಡ್ ಮೋಟಾರನ್ನು ಮಗುವಿನಂತೆ ತಬ್ಬಿಕೊಂಡು ಬಂದ. ಐದೂವರೆ ಕುದುರೆಶಕ್ತಿ, ಎರಡು ಸಿಲಿಂಡರು, ೧೯೫೭ರದ್ದು. ‘ಅಪ್ಪಯ್ಯ ಹುಟ್ಟಿದ ವರ್ಷದ್ದ್ ಅಮ್ಮ, ಕಾಣಿ’ ಎಂದ. ಸೊಸೆ ಅನ್ವಿತಾ ‘ಅತ್ತೆ, ಅದನ್ನ ಡೈನಿಂಗ್ ಟೇಬಲ್ ಮೇಲೆ ಮಾತ್ರ ಇಡೋಕೆ ಬಿಡ್ಬೇಡಿ ಪ್ಲೀಸ್’ ಎಂದು ಬೆಂಗಳೂರಿನ ಧಾಟಿಯಲ್ಲಿ ಗೋಗರೆದಳು. ಗ್ಯಾರೇಜಿಗೆ ಸೇರಿಸಿದೆವು. ಹಗ್ಗ ಎಳೆದೂ ಎಳೆದೂ ಅವನ ಭುಜ ಬಾತುಕೊಂಡಿತೇ ಹೊರತು ಪ್ಲಗ್ಗಿನಲ್ಲಿ ಕಿಡಿ ಹಾರಲಿಲ್ಲ. ಆಗ ಅವನು ನನ್ನನ್ನು ಕೇಳದೆ, ನನ್ನ ಮೂಲಕ ಹೇಳಿಸದೆ, ನೇರವಾಗಿ ನಿಮಗೆ ವೀಡಿಯೋ ಕರೆ ಮಾಡಿದ.

ಹದಿನೇಳನೆಯ ವಯಸ್ಸಿನಲ್ಲಿ ನಿಮ್ಮ ದೋಣಿ ಇಂಜಿನ್ ರಿಪೇರಿ ಅಂಗಡಿಯಲ್ಲಿ ಅವನು ಗಿರಾಕಿಯ ಇಂಜಿನ್ನಿನ ಕಿಡಿ ಹುಟ್ಟಿಸುವ ಕಾಯಿಲ್ ಸುಟ್ಟ ದಿನ, ಮುಂದೆ ನಿಂತ ದೋಣಿಯವರೆಲ್ಲ ಕೇಳುವಂತೆ ನೀವು ಒಂದು ಮಾತು ಹೇಳಿದಿರಿ: ‘ಇದ್ ನಿನ್ನ ಕೈಯಂಗೆ ಆಪ್ದಲ್ಲ.’ ಅವನ ಕೈಯಲ್ಲಿ ಆಗುವ ಕೆಲಸವಲ್ಲ ಎಂದುಬಿಟ್ಟಿರಿ, ಅವತ್ತಿನಿಂದ ಅವನು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಇಪ್ಪತ್ತು ವರ್ಷ ನಿಮ್ಮಿಬ್ಬರ ಮಾತು ‘ಊಟ ಆಯ್ತಾ’ ಎಂಬಲ್ಲಿಗೆ ಮುಗಿದು, ಫೋನು ನನ್ನ ಕೈಗೆ ಬರುತ್ತಿತ್ತು. ಅವನ ಕೆಲಸ, ಮದುವೆ, ಮಗು ಹುಟ್ಟಿದ್ದು, ನಿಮ್ಮ ಕಣ್ಣಿನ ಆಪರೇಷನ್, ಎಲ್ಲವನ್ನೂ ಆ ಕಡೆಯಿಂದ ಈ ಕಡೆಗೆ ನಾನು ದಾಟಿಸಿದೆ. ಎಷ್ಟೋ ಸಲ ನೀವು ಹೇಳದ ಒಳ್ಳೆಯ ಮಾತನ್ನೂ ನೀವೇ ಹೇಳಿದಿರಿ ಎಂದು ಸೇರಿಸಿದೆ. ಈಗ ನೋಡಿದರೆ ಒಂದು ತುಕ್ಕಿನ ಮುದ್ದೆ ಬಂದು ನನ್ನನ್ನು ಅಡುಗೆಮನೆಗೆ ಕಳುಹಿಸಿತು.

ನಿಮಗೆ ಅಲ್ಲಿ ಬೆಳಗು, ಇಲ್ಲಿ ರಾತ್ರಿಯ ಊಟದ ಹೊತ್ತು. ನಾನು ಬಡಿಸಿಟ್ಟ ಅನ್ನ ತಣ್ಣಗಾಗುತ್ತಿತ್ತು. ಮೇಲಿನ ಭಾರದ ಚಕ್ರ, ಆ ಫ್ಲೈವೀಲ್ ಬಿಚ್ಚಿಸಿದಿರಿ. ಕಾಯಿಲ್ ಬಿರುಕು ಬಿಟ್ಟಿದೆ ಎಂದಿರಿ, ಹೊಸದು ತರಿಸಿದ. ಕರೆಂಟು ಕೂಡಿಸಿ ಬಿಡಿಸುವ ಆ ಪಾಯಿಂಟಿನ ಲೋಹದ ತುದಿಗಳನ್ನು ತಿಕ್ಕಿಸಿದಿರಿ. ಆಮೇಲೆ ಪಾಯಿಂಟಿನ ನಡುವೆ ಕಾಗದದ ಪಟ್ಟಿ ಎಳೆಯಬೇಕು, ಬೆರಳಿನ ಎಣ್ಣೆ ಒಂದಿಷ್ಟು ಉಳಿದರೂ ಕಿಡಿ ಬಾರದು ಎಂದು ಪಾಠ ಹೇಳಿದಿರಿ. ‘ನಾನೊಬ್ನೇ ಕೂತ್ಕಂಡ್ ದಿನಕ್ಕೆ ಐದ್ ಇಂಜಿನ್ ಮಾಡ್ತಿದ್ದೆ ಮಗಾ’ ಎಂದು ನೀವು ಹೇಳಿದ್ದು ಒಗ್ಗರಣೆಯ ಸದ್ದಿನಲ್ಲೂ ನನಗೆ ಸರಿಯಾಗಿ ಕೇಳಿಸಿತು. ಒಬ್ಬನೇ! ಪೋಸ್ಟ್ ಕಾರ್ಡನ್ನು ಕತ್ತರಿಸಿ ಪಟ್ಟಿ ಮಾಡಿ ಕೊಡುತ್ತಿದ್ದವರು ಯಾರು? ನೀವು ಬಗ್ಗಿ ಪಾಯಿಂಟು ತೆರೆಯುವುದನ್ನು ನೋಡುವಾಗ ಎದುರಿಗೆ ಕುಳಿತು ಫ್ಲೈವೀಲನ್ನು ಕೂದಲೆಳೆಯಷ್ಟೇ ತಿರುಗಿಸಿ ಹಿಡಿಯುತ್ತಿದ್ದವರು ಯಾರು? ಬೇರೆ ಯಾರ ಕೈಯೂ ಅಷ್ಟು ನಿಧಾನ ತಿರುಗುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಅಂಗಡಿಯ ಬೋರ್ಡಿನ ಮೇಲೆ ನಿಮ್ಮ ಹೆಸರು, ಶೀನಪ್ಪ ಎಂದು ಮಾತ್ರ ಇತ್ತು. ಅದಕ್ಕೆ ನಾನು ಯಾವತ್ತೂ ಬೇಸರಪಟ್ಟವಳಲ್ಲ.

ಇಷ್ಟೆಲ್ಲ ಮಾಡಿಯೂ ಎರಡು ದಿನ ಕಿಡಿ ಬರಲಿಲ್ಲವಲ್ಲ, ಯಾಕೆಂದು ನಿಮಗೆ ಇನ್ನೂ ಗೊತ್ತಿಲ್ಲ. ಅವನು ಪೋಸ್ಟ್ ಕಾರ್ಡಿನ ಬದಲು ತನ್ನ ಕಂಪನಿಯ ನುಣ್ಣನೆಯ ವಿಸಿಟಿಂಗ್ ಕಾರ್ಡನ್ನು ಎಳೆಯುತ್ತಿದ್ದ. ಅದರ ಹೊಳಪಿನ ಲೇಪ ಪಾಯಿಂಟಿಗೆ ಹತ್ತಿಕೊಂಡರೆ ಕರೆಂಟು ಹೇಗೆ ದಾಟುತ್ತದೆ? ಫೋನಿನಲ್ಲಿ ನಿಮಗೆ ಕಾಣಲಿಲ್ಲ, ಬಾಗಿಲಲ್ಲಿ ನಿಂತ ನನಗೆ ಕಂಡಿತು. ರವೆಯ ಪೊಟ್ಟಣದ ಜೊತೆ ಬಂದಿದ್ದ ಒರಟು ರಟ್ಟನ್ನು ಪಟ್ಟಿ ಮಾಡಿ ಅವನ ಮುಂದಿಟ್ಟು ಬಂದೆ. ಹತ್ತು ನಿಮಿಷಕ್ಕೆ ‘ಅಪ್ಪಯ್ಯಾ, ಸ್ಪಾರ್ಕ್ ಬಂತ್!’ ಎಂದು ಕೂಗಿದ. ನೀವು ಅಲ್ಲಿ ನಕ್ಕಿರಿ. ಅವನು ಇಲ್ಲಿ ಕಣ್ಣೊರೆಸಿಕೊಂಡ. ಮೊಮ್ಮಗಳು ಅಕ್ಷಯಾ ನನ್ನ ಸೆರಗು ಹಿಡಿದು ‘ಅಜ್ಜಿ, ಅಜ್ಜ ಈಸ್ ಸೋ ಸ್ಮಾರ್ಟ್. ಯು ಓನ್ಲಿ ದೋಸೆ?’ ಎಂದಳು. ಆರು ವರ್ಷದ ಮಗು, ಅದಕ್ಕೇನು ಗೊತ್ತು. ನಾನು ಹೌದು ಎಂದು ಹೇಳಿ ದೋಸೆ ಮಗುಚಿದೆ. ಅದು ಕರಿಯಾಗಿತ್ತು.

ಮಾರನೆಯ ದಿನ ಎರಡನೆಯ ಸಿಲಿಂಡರಿನ ಪಾಯಿಂಟಿಗಾಗಿ ಅವನು ಮತ್ತೆ ಫ್ಲೈವೀಲ್ ಕಳಚಿದ. ಫ್ಲೈವೀಲನ್ನು ಜಾರದಂತೆ ಹಿಡಿಯುವ ಆ ಅರ್ಧಚಂದ್ರದಂಥ ಚೂರು, ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ನೀವು ‘ಕೀ’ ಎನ್ನುತ್ತಿದ್ದಿರಲ್ಲ, ಅದನ್ನು ಬಸಿಯಲ್ಲಿಟ್ಟು ಕೈ ತೊಳೆಯಲು ಹೋದ. ಬರುವಾಗ ಅದು ಇರಲಿಲ್ಲ. ಗ್ಯಾರೇಜಿನ ನೆಲ ಗುಡಿಸಿ ಜರಡಿ ಹಿಡಿದ. ನೀವು ಫೋನಿನಲ್ಲಿ ತಾಳ್ಮೆ ಕಳೆದುಕೊಂಡಿರಿ. ಕೊನೆಗೆ ಅದೇ ಮಾತು ನಿಮ್ಮ ಬಾಯಿಂದ ಬಂತು: ‘ಇದ್ ನಿನ್ನ ಕೈಯಂಗೆ ಆಪ್ದಲ್ಲ.’ ಅವನು ಕರೆ ಕತ್ತರಿಸಿದ.

ಅದಾಗಿ ಐದು ದಿನವಾಯಿತು. ಮರುದಿನ ನೀವು ನನ್ನ ನಂಬರಿಗೆ ಕರೆ ಮಾಡಿ ‘ಅವ್ನಿಗೆ ಹೇಳ್’ ಎಂದಿರಿ. ಅವನು ಇಲ್ಲಿಂದ ‘ಅಪ್ಪಯ್ಯನಿಗೆ ಹೇಳಿ’ ಎಂದ. ಮತ್ತೆ ಮೊದಲಿನ ಹಾಗೆಯೇ. ಅವತ್ತು ಒಂದು ದಿನ ನನಗೆ ಹಿತವಾಗಿತ್ತು, ಸುಳ್ಳು ಬರೆಯುವುದಿಲ್ಲ. ಎರಡನೆಯ ದಿನದಿಂದ ಅವನು ಅನ್ನ ಬಿಸಿ ಇರುವಾಗಲೇ ಉಂಡು ಎದ್ದು ಹೋಗುತ್ತಾನೆ. ನಾನು ಬೇಕೆಂದದ್ದು ಅದೇ ಅಲ್ಲವೇ? ಆದರೆ ನೋಡಲಾಗುವುದಿಲ್ಲ. ಆ ಚೂರು ಆನ್‌ಲೈನಿನಲ್ಲಿ ಸಿಗುತ್ತದೆ ಎಂದು ಅನ್ವಿತಾ ಹೇಳಿದಳು. ಅವನು ತರಿಸುತ್ತಿಲ್ಲ. ಮೋಟಾರಿನ ಮೇಲೆ ಹಳೆಯ ಚಾದರ ಹೊದಿಸಿದ್ದಾನೆ.

ನಿಮ್ಮ ಅಕ್ಕನಿಗೆ ನಮಸ್ಕಾರ ತಿಳಿಸಿ. ಬಾವಿಯ ಪಂಪನ್ನು ಯಾರಿಂದಲೂ ರಿಪೇರಿ ಮಾಡಿಸಬೇಡಿ, ನಾನು ಬಂದ ಮೇಲೆ ನೋಡೋಣ. ದೇವರು ನಿಮಗೆ ಆರೋಗ್ಯ ಕೊಡಲಿ, ಬಾಯಿಗೆ ಸ್ವಲ್ಪ ಹಿಡಿತವನ್ನೂ ಕೊಡಲಿ.

ಇತಿ,
ರಿತೇಶನ ಅಮ್ಮ

ಮತ್ತೆ ಬರೆದದ್ದು: ರಾಜಲಕ್ಷ್ಮಿಯ ಕಾರು ಹೊರಗೆ ನಿಂತಿದೆ, ಬೇಗ ಬರೆಯುತ್ತೇನೆ. ಆ ಚೂರು ನನ್ನ ಬಳೆಯ ಡಬ್ಬಿಯಲ್ಲಿದೆ. ಬಸಿಯಿಂದ ತೆಗೆದವಳು ನಾನೇ. ಅವನ ಕೈಯ ತಪ್ಪಲ್ಲ, ಇಪ್ಪತ್ತು ವರ್ಷದ ಹಿಂದೆಯೂ ಅಷ್ಟು ದೊಡ್ಡ ತಪ್ಪು ಇರಲಿಲ್ಲ. ಪತ್ರ ಕೈಸೇರಿದ ಕೂಡಲೇ ಫೋನು ಮಾಡಿ, ನನ್ನ ನಂಬರಿಗಲ್ಲ, ಅವನ ನಂಬರಿಗೆ. ಆ ಮಾತನ್ನು ನೀವೇ ವಾಪಸು ತೆಗೆದುಕೊಳ್ಳಿ, ಈ ಸಲ ನಿಮ್ಮ ಪರವಾಗಿ ನಾನು ಹೇಳುವುದಿಲ್ಲ. ನೀವು ಮಾತಾಡಿ ಮುಗಿಸಿದ ಮೇಲೆ ಚೂರನ್ನು ಅವನ ಅಂಗೈಯಲ್ಲಿ ಇಟ್ಟು, ಮಾಡಿದ್ದನ್ನು ನಾನೇ ಹೇಳುತ್ತೇನೆ. ಆದರೆ ಎರಡನೆಯ ಪಾಯಿಂಟು ನೋಡುವಾಗ ಫ್ಲೈವೀಲ್ ತಿರುಗಿಸುವವಳು ನಾನು. ಅದನ್ನೂ ಅವನಿಗೆ ನೀವೇ ಹೇಳಬೇಕು.

ಗುಲಾಬಿ