ಹಾಸಿಗೆ ಕಪಾಟಿನ ಆಲ್ಬಂ

ಮುಕುಂದ,

ಹಾಸಿಗೆಗಳನ್ನ ಬಾಲ್ಕನಿಲಿ ಹಾಕಿದೀನಿ, ನಾಲ್ಕು ಗಂಟೆ ಒಳಗೆ ಎತ್ತಿಡು. ಎಲ್ಲಿಡೋದು ಅಂತ ನನ್ನ ಕೇಳ್ಬೇಡ. ಅವನ್ನ ಇಡೋ ಕಪಾಟಲ್ಲಿ ನಿಂದೂ ಸುಮಂತಂದೂ ಸ್ಟುಡಿಯೋ ಇದೆಯಲ್ಲ.

ಕೆಳಗಿನ ಮನೆ ಮೊರಿತಾ ಸಾನ್ ಮತ್ತೆ ಬಂದಿದ್ರು. ನಿಮ್ಮ ತಮಟೆ ಸದ್ದಿಗೆ ಅವರ ಬೆಕ್ಕು ಊಟ ಬಿಟ್ಟಿದೆಯಂತೆ. ಸುಮಿಮಾಸೆನ್, ತಪ್ಪಾಯ್ತು ಅಂತ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದೋಯ್ತು. ಇವತ್ತು ನೀನು ಹೋಗಿ ಬಗ್ಗು. ಬರಿಗೈಲಿ ಹೋಗ್ಬೇಡ, ಫ್ರಿಜ್ ಮೇಲೆ ಬಿಸ್ಕೆಟ್ ಡಬ್ಬ ಇಟ್ಟಿದೀನಿ.

ಅನ್ನ ಕುಕ್ಕರಲ್ಲಿದೆ, ಸಾರು ಬಿಸಿ ಮಾಡ್ಕೋ. ಸುಮಂತ್ ಬರೋವಾಗ ಮೂಲೆ ಅಂಗಡಿ ಕೊಂಬಿನಿಲಿ ಹಾಲು ತರಲಿ. ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯೋನು ಅವನೇ.

'ಇದು ಬ್ಯಾಂಡಿನ ಆಲ್ಬಂ ಅಲ್ಲ, ನಾವಿಬ್ರೇ ಮಾಡೋದು' ಅಂತ ನೀನಂದೆ. ಸರಿ, ಬ್ಯಾಂಡಲ್ಲಿ ಹಾಡೋ ನಾನು ಬಾಯಿ ಮುಚ್ಕೊಂಡಿದ್ದೆ. ನಿನ್ನೆ ಮೂರನೇ ಹಾಡು ಕಿವಿಗೆ ಬಿತ್ತು. ನಮ್ಮಜ್ಜಿ ರಾಗಿ ಬೀಸ್ತಾ ಹೇಳ್ತಿದ್ದ ಪದ ಅದು. ಎರಡನೇ ನುಡಿ ಗೊತ್ತಿಲ್ದೆ ಅಲ್ಲಿ ಗಿಟಾರ್ ತುಂಬಿಸಿದೀರ. ನನ್ನ ಕೇಳೋಕೆ ನಾಚಿಕೆ ಆಯ್ತಾ?

ಆರಕ್ಕೆ ಬರ್ತೀನಿ. ಮೈಕ್ ನನ್ನೆತ್ತರಕ್ಕೆ ಇಳಿಸಿಡು.

ಶರ್ವಾಣಿ