ಮಾವನ ಒಂಬತ್ತನೇ ಕೂಗು

ಕೂಟಗಲ್
13 ನವೆಂಬರ್ 2025, ಗುರುವಾರ
ಬೆಳಿಗ್ಗೆ ಹನ್ನೊಂದೂವರೆ

ನನ್ನ ಒಬ್ಬರೇ ಒಬ್ಬರು ‘ರೀ’ಗೆ,

ಮೊದಲು ಒಂದು ಬುಟ್ಟಿ ಪ್ರೀತಿ, ಆಮೇಲೆ ಉಳಿದದ್ದು. ಪುಣೆಯಲ್ಲಿ ಚಳಿ ಶುರುವಾಯಿತೇ? ನೀಲಿ ಸ್ವೆಟರ್ ಬ್ಯಾಗಿನ ತಳದಲ್ಲಿದೆ, ಟವೆಲ್ಲಿನ ಕೆಳಗೆ. ನೀವು ಟ್ರೇನಿಂಗಿಗೆ ಹೋಗಿ ಇವತ್ತಿಗೆ ಹದಿನೇಳು ದಿನ. ಮದುವೆಯಾಗಿ ಎಪ್ಪತ್ತೊಂದು ದಿನ. ಎರಡನ್ನೂ ಎಣಿಸುತ್ತಿದ್ದೇನೆ, ನಗಬೇಡಿ.

ದಿನಕ್ಕೆ ನಾಲ್ಕು ಸಲ ವಿಡಿಯೋ ಕಾಲ್ ಮಾಡುವವಳು ಕಾಗದ ಏಕೆ ಬರೆದಳು ಅಂದುಕೊಳ್ಳುತ್ತೀರಿ. ಕಾಗದವನ್ನು ಯಾರೂ ಫಾರ್ವರ್ಡ್ ಮಾಡಲಾರರು, ಅದಕ್ಕೇ. ಈಗ ಫೋನನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಬಂದು ಕೂತಿದ್ದೇನೆ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಹತ್ತನೇ ಕ್ಲಾಸಿನ ಪರೀಕ್ಷೆಯ ನಂತರ ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಭಯದ ಲೆಕ್ಕಕ್ಕೆ ಹಾಕಿಕೊಳ್ಳಿ.

ನಿನ್ನೆ ಫೋನಿನಲ್ಲಿ ನೀವು ಊರಿನ ಚಿರತೆಯ ವಿಷಯ ಕೇಳಿದಿರಿ. ಹೂಂ, ಬೋನು ಇಟ್ಟಿದ್ದಾರೆ ಅಂದು ನಾನು ಸೊಪ್ಪಿನ ಸಾರಿನ ಮಾತು ತೆಗೆದೆ. ನೀವೂ ಹೆಚ್ಚು ಕೇಳಲಿಲ್ಲ. ರೀ, ಚಿರತೆ ಇಲ್ಲ. ಚಿರತೆ ಇರಲೇ ಇಲ್ಲ. ಅದನ್ನು ಮಾಡಿದವಳು ನಾನು. ಇಗೋ, ಬರೆದುಬಿಟ್ಟೆ.

ಮೊದಲಿನಿಂದ ಹೇಳುತ್ತೇನೆ. ರಾಮನಗರದಲ್ಲಿ ವಿಡಿಯೋ ಗೇಮ್ ಮಾಡುವುದನ್ನು ಕಲಿಸುವ ನಾಲ್ಕು ಭಾನುವಾರಗಳ ಶಿಬಿರಕ್ಕೆ ನನ್ನ ಹೆಸರು ಬರೆಸಿದವರು ನೀವೇ ಅಲ್ಲವೇ? ಎಷ್ಟು ಕುಣಿದಿದ್ದೆ ನಾನು! ಕಲಿಸುವ ಕೆಹಕಶಾನ್ ಮೇಡಂ ಚನ್ನಪಟ್ಟಣದವರು. ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಗೇಮುಗಳಿಗೆ ಸದ್ದು ಕೂಡಿಸುವ ಕೆಲಸ ಅವರದು. ಎರಡನೇ ಭಾನುವಾರ ಅವರು ಪರದೆ ಆರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಸದ್ದು ಕೇಳಿಸಿದರು. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದ ಸದ್ದು, ಅಷ್ಟೇ. ಆಮೇಲೆ ಅರ್ಧ ನಿಮಿಷ ಏನೂ ಇಲ್ಲ. ಮೂವತ್ತೆರಡು ಜನ ಉಸಿರು ಬಿಗಿಹಿಡಿದು ಕೂತಿದ್ದೆವು. ಆಗ ಅವರಂದರು, “ತಟ್ಟೆ ಬಿದ್ದದ್ದು ಭಯ ಅಲ್ಲ. ತಟ್ಟೆ ಬಿದ್ರೂ ಯಾರೂ ಬೈಲಿಲ್ವಲ್ಲ, ಅದು ಭಯ.” ರೀ, ನನ್ನ ಮೈಮೇಲೆ ಮುಳ್ಳೆದ್ದವು!

ಮುಂದಿನ ವಾರಕ್ಕೆ ಕೆಲಸ ಕೊಟ್ಟರು: ನಿಮ್ಮ ಊರಿನವರು ಕೇಳಿದರೆ ನಡುಗುವಂಥ ಒಂದು ಸದ್ದು, ನಿಮ್ಮ ಮನೆಯದೇ ಆಗಿರಲಿ. ನನ್ನ ಗೇಮಿನಲ್ಲಿ ಹುಡುಗಿಯೊಬ್ಬಳು ಮಂಜಿನಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯಲು ತೋಟಕ್ಕೆ ಹೋಗುತ್ತಾಳೆ. ಏನೂ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೇ. ಏನು ಕೇಳಿಸಬೇಕು ಎಂದು ಮಾವನನ್ನು ಕೇಳಿದೆ. ಅತ್ತೆ ಮಗಳ ಬಾಣಂತನಕ್ಕೆ ಮಾಗಡಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ತಾನೇ, ಅವರಿಗೂ ಹೊತ್ತು ಹೋಗಬೇಕು. ಮಾವ ಮೀಸೆ ಒರೆಸಿಕೊಂಡು, “ಚಿರತೆ ಬಂತು ಅಂದ್ರೆ ಸಾಕು ಕಣವ್ವ, ನಮ್ಮೋರು ಉಚ್ಚೆ ಉಯ್ಕತಾರೆ” ಅಂದರು.

ಶನಿವಾರ ಕೊಟ್ಟಿಗೆಯ ಹಿಂದೆ ನಿಲ್ಲಿಸಿ ಅವರಿಂದ ಎಂಟು ಸಲ ಕೂಗಿಸಿದೆ. ಎಂಟೂ ಸಾಲದಾಯಿತು, ಡೈರಿಯ ಮೈಕಿನಲ್ಲಿ ಹಾಲು ತನ್ನಿ ಅಂದ ಹಾಗಿತ್ತು. “ಮಾವ, ಟೇಕ್ ನೈನ್! ನಿಮ್ಮ ಕಣ್ಣೆದುರೇ ಇದೆ ಅಂದುಕೊಳ್ಳಿ!” ಅಂದೆ. “ಒಸಿ ದನಿ ನಡುಗುಸ್ಲಾ?” ಅಂದವರೇ ಕೂಗಿದರು ನೋಡಿ: “ಯಾರೂ ಈಚ್ಗೆ ಬರ್‌ಬ್ಯಾಡ್ರೋ! ಚಿರತೆ ಐತೆ! ಸೊಪ್ಪಿನ್ ತೋಟ್ದಲ್ಲಿ ಕುಂತೈತೆ! ಬಾಗ್ಲಾಕ್ಕಳ್ರೋ!” ಹಸು ಹಗ್ಗ ಜಗ್ಗಿತು. ಮಾವ ಕೆಮ್ಮಿ, “ಸಾಕೇನವ್ವ? ಗಂಟ್ಲು ಕಿತ್ಕಂಡ್ ಬತ್ತದೆ, ಒಸಿ ಬೆಲ್ಲ ಕೊಡು” ಅಂದರು. ನಾನು ನಕ್ಕೂ ನಕ್ಕೂ ನೆಲದ ಮೇಲೆ ಕೂತುಬಿಟ್ಟೆ. ಅದೆಲ್ಲವೂ ರೆಕಾರ್ಡ್ ಆಗಿದೆ.

ಭಾನುವಾರ ಮೇಡಂ ಕೇಳಿ, “ಚಿನ್ನದಂಥ ದನಿ. ಮುಂದೆ ಹಿಂದೆ ಕತ್ತರಿಸಿ. ನಿಮ್ಮ ನಗು, ಅವರ ಬೆಲ್ಲ ಎರಡೂ ಬೇಡ. ಕತ್ತರಿಸಿದ ಮೇಲೇ ಅದು ನಿಜ ಆಗೋದು” ಅಂದರು. ಕತ್ತರಿಸಿದೆ. ಹನ್ನೊಂದು ಸೆಕೆಂಡು ಉಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಖುಷಿ ತಡೆಯಲಾಗದೆ ಬಸ್ಸಿನಲ್ಲಿ ಕೂತೇ ಶಿಬಿರದ ಗುಂಪಿಗೂ ಹಾಕಿದೆ, ನಿಮಗೂ ಕಳಿಸಿದೆ. ನೀವು ಸಾಲಾಗಿ ನಗುವ ಮುಖ ಕಳಿಸಿದಿರಿ.

ಸೋಮವಾರ ಬೆಳಿಗ್ಗೆ ಡೈರಿಗೆ ಅರ್ಧ ಹಾಲೂ ಬರಲಿಲ್ಲ. ಸ್ಕೂಲ್ ವ್ಯಾನ್ ಖಾಲಿ ಹೋಯಿತು. ಆ ಹನ್ನೊಂದು ಸೆಕೆಂಡು ಇಡೀ ಹೋಬಳಿಯ ಫೋನುಗಳಲ್ಲಿತ್ತು. ಗುಂಪಿನ ಮೂವತ್ತೆರಡು ಜನರಲ್ಲಿ ಯಾರು ಆಚೆ ಬಿಟ್ಟರೋ ಗೊತ್ತಿಲ್ಲ, ಬೈಯಲೂ ನನಗೆ ಮುಖವಿಲ್ಲ. ಬೇರೆ ಯಾರ ದನಿಯಾಗಿದ್ದರೂ ಜನ ನಕ್ಕು ಬಿಡುತ್ತಿದ್ದರೇನೋ. ಆದರೆ ಇದು ಇಪ್ಪತ್ತೆರಡು ವರ್ಷದಿಂದ ಡೈರಿ ಸೆಕ್ರೆಟರಿಯಾಗಿರುವ ನಮ್ಮ ಮಾವ ಗಂಗಹನುಮಯ್ಯನವರ ದನಿ. “ಸೆಕ್ರೆಟ್ರಿ ಏಳುದ್ರೆ ಲ್ಯಾಕ್ಟೋಮೀಟ್ರು ಏಳ್ದಂಗೆ” ಎನ್ನುವ, ಹಾಲಿನ ನೀರು ಹಿಡಿಯುವ ಆ ಕಡ್ಡಿಯಷ್ಟೇ ಅವರ ಮಾತನ್ನು ನಂಬುವ ಊರು ಇದು. ಎಷ್ಟು ವಿಚಿತ್ರ ನೋಡಿ: ಪಕ್ಕದ ಮನೆಯ ಫೋನಿನಿಂದ ಆ ಕೂಗು ಕೇಳಿದಾಗ ನಾನೇ ಓಡಿಹೋಗಿ ಚಿಲಕ ಹಾಕಿದೆ! ಹಾಕಿದ ಮೇಲೆ ಬಾಗಿಲಿಗೆ ಒರಗಿ ನಿಂತು, ಅಯ್ಯೋ ದೇವರೇ, ಇದು ನನ್ನದೇ ಅಲ್ಲವೇ ಅನ್ನಿಸಿತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಾವನಿಗೂ ಗೊತ್ತಾಗಿತ್ತು, ಅವರೂ ಬಾಯಿ ಬಿಡಲಿಲ್ಲ. ನನ್ನನ್ನು ನೋಡಿದರು, ತಟ್ಟೆ ತಳ್ಳಿ ಎದ್ದರು.

ಮಂಗಳವಾರ ಅರಣ್ಯ ಇಲಾಖೆಯವರು ಬೋನು ತಂದರು. ಡೈರಿಯ ಮುಂದೆ ಊರೇ ನಿಂತಿತ್ತು. ನಾನು ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲಿದ್ದೆ. ಗಾರ್ಡ್ ಫೋನ್ ಒತ್ತಿ ಕೇಳಿಸಿ, “ಯಜಮಾನ್ರೆ, ಇದು ನಿಮ್ ದನಿ ತಾನೆ? ಕಣ್ಣಾರೆ ಕಂಡ್ರಾ?” ಅಂದರು. ಮಾವ ನನ್ನತ್ತ ನೋಡಿದರು. ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ನನಗೆ ನಿಲ್ಲಿಸಲಾಗಲಿಲ್ಲ. ಮಾವ, “ಊಂ, ಕಂಡೆ” ಅಂದರು. ಎಲ್ಲಿ ಎಂದು ಗಾರ್ಡ್ ಕೇಳಿದರು. ಕೂಗಿನಲ್ಲೇ ಸೊಪ್ಪಿನ ತೋಟ ಎಂದಿದೆಯಲ್ಲ, ಡೈರಿಯ ಹಿಂದಿರುವ ತೋಟ ರೇಷ್ಮೆ ಹುಳ ಸಾಕುವ ಸರಸಮ್ಮನವರದೊಂದೇ. “ಸರಸಮ್ಮನ್ ತೋಟ್ದಲ್ಲಿ” ಅಂದುಬಿಟ್ಟರು ಮಾವ.

ನನ್ನನ್ನು ಉಳಿಸಲು ಹಾಗೆ ಹೇಳಿದರು, ರೀ. ಎಪ್ಪತ್ತೊಂದು ದಿನದ ಸೊಸೆಗಾಗಿ ಇಪ್ಪತ್ತೆರಡು ವರ್ಷದ ಮಾತನ್ನು ಕೊಟ್ಟುಬಿಟ್ಟರು! ಬೋನು ತೋಟದ ನಡುವೆ ಕೂತಿತು. ಶುಕ್ರವಾರದವರೆಗೆ ಯಾರೂ ಸುಳಿಯಬಾರದೆಂದು ಹೇಳಿ ಇಬ್ಬರು ಗಾರ್ಡ್‌ಗಳು ಬದುವಿನ ಮೇಲೆ ಕಾವಲು ಕೂತರು. ಮನೆಗೆ ಬಂದು ಮಾವ, “ಫೋನಲ್ಲಿರೋದ್ನ ಅಳುಸ್ಬುಡವ್ವ. ಎಲ್ಡು ದಿನ ಬುಟ್ಟು ಚಿರತೆ ಒಂಟೋಯ್ತು ಅಂತೀನಿ, ಮುಗೀತು” ಅಂದರು. ಅಳಿಸಿದೆ ಎಂದೆ. ಸುಳ್ಳು. ಕತ್ತರಿಸದ ಪೂರ್ತಿ ರೆಕಾರ್ಡ್ ಇನ್ನೂ ನನ್ನ ಬಳಿ ಇದೆ.

ಅದು ಅಲ್ಲಿಗೆ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ, ನಿಜ ಹೇಳುತ್ತೇನೆ. ಜೀವಮಾನವಿಡೀ ಮುಚ್ಚಿಡುತ್ತಿದ್ದೆ. ಆದರೆ ನಿನ್ನೆ ಬೆಳಿಗ್ಗೆ ಸರಸಮ್ಮನವರ ಮನೆಗೆ ಹೋದೆ. ಅವರದು ನೂರು ಮೊಟ್ಟೆಯ ಹುಳ, ಮನೆ ತುಂಬ ಸಾವಿರಾರು. “ನಾಕ್ನೇ ಜ್ವರ ಎದ್ದವೆ ಕಣವ್ವ” ಅಂದರು. ಜ್ವರ ಬಂದಿದ್ದರೆ ಔಷಧಿ ಕೊಡಬಾರದೇ ಎಂದು ಕೇಳಿದೆ ನಾನು, ಮಹಾಬುದ್ಧಿವಂತೆ! ಅವರು ಅಷ್ಟು ಸಂಕಟದಲ್ಲೂ ನಕ್ಕರು. “ಇಂಗ್ಲೀಸು ಓದ್ದೋಳೆ, ಜ್ವರ ಅಂದ್ರೆ ಪೊರೆ ಬುಡೋದು ಕಣೆ. ನಾಕ್ನೇದು ಎದ್ಮೇಲೆ ರಾಕ್ಷಸನ್ ಹಸಿವು ಅವುಕ್ಕೆ.” ಕುಯ್ದಿಟ್ಟಿದ್ದ ಸೊಪ್ಪು ಅಲ್ಲಿಗೆ ಮುಗಿದಿತ್ತು. ಮಧ್ಯಾಹ್ನ ಯಾರೋ ಒಂದು ತೆಕ್ಕೆ ಕೊಟ್ಟರಂತೆ. ಆಮೇಲೆ ಯಾರೂ ಕೊಡಲಿಲ್ಲ, ಕೊಡಲು ಯಾರಿಗೂ ತೋಟಕ್ಕೆ ಇಳಿಯುವ ಧೈರ್ಯವಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಹೋದೆ. ರೀ, ಮದುವೆಯಾದ ಹೊಸದರಲ್ಲಿ ನೀವು ನನ್ನನ್ನು ಒಂದು ಹುಳದ ಮನೆಗೆ ಕರೆದೊಯ್ದು ಕೇಳಿಸಿದ್ದಿರಿ, ಹುಳ ಸೊಪ್ಪು ತಿನ್ನುವ ಸದ್ದು, ಹೆಂಚಿನ ಮೇಲೆ ಮಳೆ ಬಿದ್ದಂತೆ. ಇವತ್ತು ಅಲ್ಲಿ ಸದ್ದೇ ಇರಲಿಲ್ಲ. ತಟ್ಟೆ ತಟ್ಟೆ ತುಂಬ ಬೆಳ್ಳನೆಯ ಹುಳ, ಎಲ್ಲವೂ ತಲೆ ಎತ್ತಿ ಗಾಳಿಯಲ್ಲಿ ತಡಕುತ್ತಿದ್ದವು. ಸರಸಮ್ಮನವರು ಒಣಗಿದ ಕಡ್ಡಿಗಳನ್ನು ಆರಿಸುತ್ತಾ ಕೂತಿದ್ದರು. ನನ್ನನ್ನು ಬೈಯಲಿಲ್ಲ, ಚಿರತೆಯನ್ನೂ ಬೈಯಲಿಲ್ಲ. ಮೇಡಂ ಕೇಳಿಸಿದ ಆ ಅರ್ಧ ನಿಮಿಷ ಏನೂ ಅಲ್ಲ, ರೀ. ನಾನು ಅಷ್ಟು ಹೆದರಿದ್ದು ಹುಟ್ಟಿದ ಮೇಲೆ ಇದೇ ಮೊದಲು.

ನಾನೇ ಕುಯ್ದು ತರುತ್ತೇನೆ, ಕುಡುಗೋಲು ಕೊಡಿ ಎಂದೆ. ಚಿರತೆ ಇಲ್ಲವೆಂದು ಗೊತ್ತಿರುವವಳು ನಾನು ತಾನೇ? ಸರಸಮ್ಮನವರು ನನ್ನ ಮುಂಗೈ ಹಿಡಿದುಕೊಂಡರು, ಬಳೆ ಒತ್ತುವ ಹಾಗೆ. “ಹುಚ್ಚೇನೇ ನಿಂಗೆ? ಅರಿಶ್ಣ ಆರಿಲ್ಲ ಇನ್ನೂವೆ. ನಿಂಗೇನಾರ ಆದ್ರೆ ನಿನ್ ಗಂಡ, ನಮ್ ಮಧು, ನನ್ ಮೊಕ ನೋಡಾನಾ? ಹುಳ ಹೋದ್ರೆ ಇನ್ನೊಂದ್ ಬೆಳೆ ಬತ್ತದೆ. ಹೋಗು ಮನೆಗೆ.” ಆದರೂ ಬದುವಿನವರೆಗೆ ಹೋದೆ. ಗಾರ್ಡ್ ನನ್ನನ್ನು ಹಿಂದಕ್ಕೆ ಕಳಿಸಿದರು. ಇವತ್ತು ಸಂಜೆಯೊಳಗೆ ಸೊಪ್ಪು ಬೀಳದಿದ್ದರೆ ಆ ಹುಳ ಗೂಡು ಕಟ್ಟುವುದಿಲ್ಲವಂತೆ.

ಐದು ಗಂಟೆಗೆ ಎಲ್ಲರೂ ಡೈರಿಗೆ ಹಾಲು ತರುತ್ತಾರೆ, ಗುಂಪು ಗುಂಪಾಗಿ, ದೊಣ್ಣೆ ಹಿಡಿದುಕೊಂಡು. ಗಾರ್ಡ್‌ಗಳೂ ಕಾಫಿಗೆ ಬರುತ್ತಾರೆ. ಆಗ ನಾನು ಮೈಕಿನ ಮುಂದೆ ಫೋನ್ ಹಿಡಿದು ಪೂರ್ತಿ ರೆಕಾರ್ಡ್ ಕೇಳಿಸುತ್ತೇನೆ, ಟೇಕ್ ನೈನಿನಿಂದ ಬೆಲ್ಲದವರೆಗೆ. ಸರಸಮ್ಮನವರಿಗೆ ಸೊಪ್ಪು ಸಿಗುತ್ತದೆ. ಮಾವ ಊರೆದುರು ಸುಳ್ಳುಗಾರರಾಗುತ್ತಾರೆ. ಎರಡೂ ಉಳಿಯುವ ದಾರಿಯನ್ನು ಬೆಳಗಿನಿಂದ ಹುಡುಕಿದೆ, ಸಿಗಲಿಲ್ಲ. ಮಾವನಿಗೆ ಇನ್ನೂ ಹೇಳಿಲ್ಲ. ಅವರು ಎರಡು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ. ಈಗಲೂ ಜಗಲಿಯ ಮೇಲೆ ಕೂತು ಬರೀ ತೋಟದ ಕಡೆ ನೋಡುತ್ತಿದ್ದಾರೆ.

ನನಗೆ ಭಯ, ರೀ. ಊರಿನ ಭಯ, ಅತ್ತೆ ಬಂದರೆ ಏನೆನ್ನುತ್ತಾರೋ ಎಂಬ ಭಯ. ಎಲ್ಲಕ್ಕಿಂತ, ಅಪ್ಪನ ತಲೆ ತಗ್ಗಿಸಿದವಳು ಎಂದು ನೀವು ನನ್ನನ್ನು ಮೊದಲಿನ ಹಾಗೆ ನೋಡದೇ ಹೋದರೆ? ಮೂರನೇ ದಿನ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಿಸುತ್ತಾ ನೋಡಿದಿರಲ್ಲ, ಆ ಹಾಗೆ. ಅದಕ್ಕೇ ಬೇರೆ ಯಾರ ಬಾಯಿಂದಲೂ ಅಲ್ಲ, ನನ್ನ ಕೈಯಿಂದಲೇ ನಿಮಗೆ ಗೊತ್ತಾಗಲಿ. ಬೈಯಿರಿ. ಬೈಯದೆ ಸುಮ್ಮನಿರಬೇಡಿ, ಕೈಮುಗಿಯುತ್ತೇನೆ.

ಗಡಿಯಾರ ನೋಡುತ್ತಾ, ಹೆದರುತ್ತಾ, ಆದರೂ ಪೂರ್ತಿಯಾಗಿ ನಿಮ್ಮವಳು,
ಪದ್ದು

ಮರೆತದ್ದಲ್ಲ, ಆಮೇಲೆ ಸೇರಿಸಿದ್ದು: ಈಗ ಶುಕ್ರವಾರ ಬೆಳಿಗ್ಗೆ. ಅಂಚೆಗೆ ಹಾಕುವ ಮೊದಲು ಇಷ್ಟನ್ನು ಬರೆಯಲೇಬೇಕು.

ಕೇಳಿಸಿದೆ. ಮಾವ ಮೈಕಿನ ಪಕ್ಕದಲ್ಲೇ ಇದ್ದರು, ಕೈ ಚಾಚಿದ್ದರೆ ಆರಿಸಬಹುದಿತ್ತು. ಆರಿಸಲಿಲ್ಲ. ನನ್ನ ನಗು ಇಡೀ ಊರಿನ ಮೇಲೆ ಹಾದುಹೋಯಿತು, ನಾನು ಅಷ್ಟು ಅಸಹ್ಯವಾಗಿ ನಗುತ್ತೇನೆಂದು ಗೊತ್ತಿರಲಿಲ್ಲ. ಸರಸಮ್ಮನವರು ಮುಂದೆ ಬಂದು, “ಲೋ ಗಂಗಹನುಮಯ್ಯ, ಇಪ್ಪತ್ತೆಲ್ಡು ವರ್ಸ ನಮ್ ಹಾಲಲ್ಲಿ ನೀರು ಹುಡುಕ್ದೆ. ನಿನ್ ಮಾತಿಗೇ ನೀರು ಬೆರ್ಸಿದ್ದೀಯಲ್ಲೋ” ಅಂದು, ಕುಡುಗೋಲು ತೆಗೆದುಕೊಂಡು ತೋಟಕ್ಕೆ ನಡೆದರು. ಗಾರ್ಡ್ ಬದಿಗೆ ಸರಿದರು. ಮಾವನೂ ನಾನೂ ಹಿಂದೆಯೇ ಹೋಗಿ ಕತ್ತಲಾಗುವವರೆಗೆ ಸೊಪ್ಪು ಹೊತ್ತೆವು. ಅರ್ಧ ಹುಳ ಬಾಯಿ ಆಡಿಸಿವೆ. ಉಳಿದರ್ಧ ಗೊತ್ತಿಲ್ಲ.

ಬರುವಾಗ ದಾರಿಯಲ್ಲಿ, ನನಗಾಗಿ ಏಕೆ ಸುಳ್ಳು ಹೇಳಿದಿರಿ ಮಾವ ಎಂದು ಕೇಳಿದೆ. ಅವರು ನಿಂತರು. “ನಿಂಗೋಸ್ಕರ ಅಂತ ಯಾರಂದ್ರವ್ವ? ಸೋಮವಾರ ಊರ್ ಹುಡುಗ್ರು ಅವ್ರ ಗುಂಪಲ್ಲಿ ಅದು ಮೊದ್ಲು ಬಂದಿದ್ದ ಜಾಗ ನಂಗೆ ತೋರುಸುದ್ರು. ಕೆಳ್ಗಡೆ ಒಂದು ಸಾಲು ಬರ್ದಿತ್ತು, ‘ನಮ್ಮಪ್ಪ ಕಣ್ಣಾರೆ ನೋಡವ್ರೆ’ ಅಂತ. ನೋಡಿಲ್ಲ ಅಂದಿದ್ರೆ, ಬರ್ದೋನು ಏನಾಯ್ತಿದ್ದ?”

ಮಾವನಿಗೆ ಒಬ್ಬನೇ ಮಗ, ರೀ.

ಮೈಕಿನಲ್ಲಿ ನಾನು ನನ್ನ ತಪ್ಪು ಮಾತ್ರ ಹೇಳಿದ್ದೇನೆ. ತಿಂಗಳ ಕೊನೆಗೆ ಬಂದಾಗ ಬಸ್ಸಿಳಿದು ಮೊದಲು ಸರಸಮ್ಮನವರ ಮನೆಗೆ ಹೋಗಿ. ಅಲ್ಲಿ ಹೇಳುವುದನ್ನು ಹೇಳಿ ಆದ ಮೇಲೆ ಇಲ್ಲಿಗೆ ಬನ್ನಿ. ಅಲ್ಲಿಯವರೆಗೆ ನಿಮ್ಮ ಫೋನ್ ತೆಗೆಯುವುದಿಲ್ಲ. ಸಿಟ್ಟಿಗಲ್ಲ. ನಿಮ್ಮ ದನಿ ಕೇಳಿದರೆ ನಂಬಿಬಿಡುತ್ತೇನೇನೋ ಎಂದು ಭಯ.