ಹೊಳಿಬಸಪ್ಪನ ತಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ

ಬೇಸಿಗೆ ತಿಂಗಳ ಎಪ್ಪತ್ತೊಂದನೆಯ ದಿನ,
ಇಸವಿ ಎರಡು ಸಾವಿರದ ಇನ್ನೂರ ಹತ್ತೊಂಬತ್ತು

ಡಾಕ್ಟರ್ ಭಾಗೀರಥಿ ಹೊನವಾಡ ಅಕ್ಕಾವರಿಗೆ ಶಿದ್ಲಿಂಗಪ್ಪನ ಶರಣು.

ತಾರೀಖು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಬೇಸಿಗೆ ಮುಗಿಯುವ ಲಕ್ಷಣವೇ ಇಲ್ಲದ್ದರಿಂದ, ಅದನ್ನು ತುಂಡು ಮಾಡಿ ಹೆಸರಿಡುವ ಉಸಾಬರಿ ಬಿಟ್ಟು ಎಲ್ಲವನ್ನೂ ಒಂದೇ ತಿಂಗಳು ಮಾಡಿದ್ದಾರೆ. ನಿಮಗೆ ತಿಳಿಯದ ಶಬ್ದಗಳು ಇನ್ನೂ ಬರುತ್ತವೆ, ಕ್ಷಮೆ ಇರಲಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಊರ ಸಾಲಿಯಲ್ಲಿ ಏಳನೆಯ ಇಯತ್ತೆ ಕಲಿತವನು. ಆದರೂ ಸುತ್ತಲಿನ ಊರುಗಳಲ್ಲಿ ಅರ್ಜಿಯಾಗಲಿ, ಲಗ್ನಪತ್ರಿಕೆಯಾಗಲಿ, ಬೀಗರ ಜಗಳದ ಪತ್ರವಾಗಲಿ ನನ್ನ ಕೈಯಿಂದಲೇ ಆಗಬೇಕು. ಒಮ್ಮೆ ನಾನು ಬರೆದುಕೊಟ್ಟ ಕ್ಷಮಾಪಣೆ ಓದಿ, ಎದುರಿನವನೇ ತಪ್ಪು ತನ್ನದೆಂದು ಒಪ್ಪಿ ಕಾಯಿ ಕೊಟ್ಟು ಹೋದ.

ಈ ಪತ್ರ ಬರುವುದು ಹಿಂದಂಚೆಯಲ್ಲಿ. ಆಯುಷ್ಯದಲ್ಲಿ ಒಂದೇ ಒಂದು ಸಲ, ಹಿಂದಿನ ಕಾಲದ ಒಬ್ಬರಿಗೆ ಪತ್ರ ಹಾಕಲು ಸರಕಾರ ನಮಗೆ ಬಿಡುತ್ತದೆ. ಮುಟ್ಟುತ್ತದೆಂಬ ಖಾತ್ರಿ ಕೊಡುವುದಿಲ್ಲ. ನನ್ನ ಪಾಲಿನದನ್ನು ಹರೆಯದ ಶಿದ್ಲಿಂಗಪ್ಪನಿಗೇ ಬರೆದು, ಆ ಕುಂಟ ಎತ್ತನ್ನು ಕೊಳ್ಳಬೇಡವೋ ಎಂದು ಹೇಳಲು ಕಾದಿಟ್ಟಿದ್ದೆ. ಎತ್ತಿನ ಮಾತು ಹೋಗಲಿ. ನನ್ನ ಅಣ್ಣನ ಮಗಳು ಕಸ್ತೂರಿ ಸಾಯುತ್ತಿದ್ದಾಳೆ. ಅವಳನ್ನು ಉಳಿಸಿಕೊಳ್ಳಲು ನನಗೆ ಉಳಿದಿರುವವರು ನೀವೊಬ್ಬರೇ.

ನಿಮ್ಮ ಕೆಲಸ ನಮಗೆ ಗೊತ್ತು. ಮನಸ್ಸು ಕುಗ್ಗಿದವರನ್ನೂ ಕುಗ್ಗದವರನ್ನೂ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಮಿದುಳಿನ ಚಿತ್ರ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ಫರಕು ಎಲ್ಲಿದೆ ಎಂದು ನೋಡುತ್ತಿದ್ದೀರಿ. ಕುಗ್ಗಿದವರನ್ನು ಜನ ಸೋಗಲಾಡಿಗಳು ಎಂದು ಆಡಿಕೊಳ್ಳಬಾರದು, ಅವರ ಸಂಕಟ ಕಣ್ಣಿಗೆ ಕಾಣಬೇಕು ಎಂಬುದು ನಿಮ್ಮ ಆಸೆ. ಒಳ್ಳೆಯ ಆಸೆಯೇ. ಆದರೆ ಕುಗ್ಗದವರ ಸಾಲಿಗೆ ನಿಮಗೆ ಜನ ಸಾಲುತ್ತಿಲ್ಲ. ಆಗ ಹಳ್ಳಿಗಳಿಂದ ರೋಗಿಗಳನ್ನು ನಿಮ್ಮ ದವಾಖಾನೆಗೆ ತಂದುಬಿಡುವ ಟಂಟಂ ರಿಕ್ಷಾ ಚಾಲಕನೊಬ್ಬನನ್ನು ಕರೆದು ಕೂರಿಸುತ್ತೀರಿ. ಅವನ ಹೆಸರು ಹೊಳಿಬಸಪ್ಪ. ನನ್ನ ಮುತ್ತಜ್ಜನ ಮುತ್ತಜ್ಜ. ನಿಮಗೆ ಇದು ಇನ್ನು ಆಗಬೇಕಾದದ್ದು, ನಮಗೆ ಎಂದೋ ಆಗಿಹೋದದ್ದು.

ಅಲುಗಾಡಬೇಡಿ ಎಂದರೆ ಉಳಿದವರು ಮೂಗು ಕೆರೆದುಕೊಂಡರು, ಕೆಮ್ಮಿದರು, ಯಂತ್ರದ ಬಡಿತಕ್ಕೆ ಬೆಚ್ಚಿದರು. ಹೊಳಿಬಸಪ್ಪ ಮಾತ್ರ ಕಲ್ಲಿನ ಹಾಗೆ ಬಿದ್ದುಕೊಂಡ. ಅಷ್ಟು ಸ್ವಚ್ಛವಾದ ಚಿತ್ರ ಇನ್ನೊಂದು ಬರಲಿಲ್ಲ. ನೀವು ಅದನ್ನು ನಿಮ್ಮ ಕೆಲಸಕ್ಕಷ್ಟೇ ಬಳಸಿ ಬಿಟ್ಟಿರಿ. ನಿಮ್ಮ ಹಿಂದೆ ಬಂದವರು ಬಿಡಲಿಲ್ಲ. ಮೊದಲು ಅದನ್ನು ತೋರಿಸಿ ಪಾಠ ಹೇಳಿದರು, ಆಮೇಲೆ ಬೇರೆಯವರ ಚಿತ್ರಗಳನ್ನು ಅದರ ಪಕ್ಕ ಹಿಡಿದು ಅಳೆದರು, ನಮ್ಮ ಅಜ್ಜನ ಕಾಲಕ್ಕೆ ಅದೇ ಕಾನೂನಾಯಿತು. ಈಗ ಮನಸ್ಸಿನ ಅಳತೆಗೆ ‘ಹೊಳಿ’ ಎನ್ನುತ್ತಾರೆ. ಹೊಳಿಬಸಪ್ಪನ ತಲೆ ಎಂದರೆ ನೂರು ಹೊಳಿ, ಪೂರಾ ಆರೋಗ್ಯ.

ವರ್ಷಕ್ಕೊಮ್ಮೆ ಚಾವಡಿಯಲ್ಲಿ ಒಳಗನ್ನಡಿ ಇಡುತ್ತಾರೆ. ಅದು ನಿಮ್ಮ ಯಂತ್ರದ ಮರಿಮಗಳು, ರುಮಾಲಿನ ಹಾಗೆ ತಲೆಗೆ ಸುತ್ತುತ್ತಾರೆ. ಅರವತ್ತು ಹೊಳಿಗಿಂತ ಕೆಳಗಿಳಿದವರನ್ನು ಆರೈಕೆ ಮನೆಗೆ ಒಯ್ದು, ಹೊಳಿಬಸಪ್ಪನ ಹತ್ತಿರ ಬರುವ ತನಕ ಔಷಧ ಕೊಡುತ್ತಾರೆ. ನಕ್ಕರೂ ಹೊಳಿ ಇಳಿಯುತ್ತದೆ, ಅತ್ತರೂ ಇಳಿಯುತ್ತದೆ. ಹೀಗಾಗಿ ಮದುವೆಯಲ್ಲಿ ಬಾಜಾ ಇಲ್ಲ. ಬೀಗರನ್ನು ಕಾಡಿಸುವ ಹಾಡು ಹಾಡುವವರಿಲ್ಲ. ಮಕ್ಕಳು ಕೇಕೆ ಹಾಕಿದರೆ ತಾಯಂದಿರು ಸೆರಗಿನಿಂದ ಬಾಯಿ ಮುಚ್ಚುತ್ತಾರೆ. ಹೊರಗಿನವರು ಯಾರಾದರೂ ನಮ್ಮೂರಿಗೆ ಬಂದರೆ, ಇವರೆಲ್ಲ ಈಗಷ್ಟೇ ಮಣ್ಣು ಮಾಡಿ ಬಂದು ಕೂತಿದ್ದಾರೆ ಅಂದುಕೊಂಡಾರು. ಆದರೆ ಹೊರಗಿನವರ ಊರೂ ಹಾಗೆಯೇ ಇದೆ, ಅವರಿಗೆ ಏನೂ ಅನ್ನಿಸುವುದಿಲ್ಲ.

ನಾನು ಹುಟ್ಟಾ ಕಿಡಿಗೇಡಿ, ನನ್ನದು ನಲವತ್ತು ಹೊಳಿ ದಾಟುವ ತಲೆಯಲ್ಲ. ಒಳಗನ್ನಡಿಯ ದಿನ ನಮ್ಮ ಅವ್ವ ತೀರಿದ ಮುಂಜಾನೆಯನ್ನು ನೆನೆದು, ಎದೆ ಮರಗಟ್ಟಿಸಿಕೊಂಡು ಹೋಗಿ, ಎಪ್ಪತ್ತು ಮಾಡಿಕೊಂಡು ಬರುತ್ತೇನೆ. ಒಮ್ಮೆಯೂ ಸಿಕ್ಕಿಬಿದ್ದಿಲ್ಲ, ಇಂಥ ಕಸುಬು ಜಿಲ್ಲೆಯಲ್ಲಿ ಯಾರಿಗೂ ಬಾರದು. ಇನ್ನು ಹೊಳಿಬಸಪ್ಪನ ವಂಶದವರೆಂದು ನಮಗೆ ಸಿಗುವ ಮಾನ ಹೇಳತೀರದು. ಎಲ್ಲ ಸಭೆಯಲ್ಲಿ ಮೊದಲ ಕುರ್ಚಿ, ಮೊದಲ ಮಾಲೆ. ಆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವುದನ್ನು ನನ್ನಿಂದ ನೋಡಿ ಕಲಿಯಬೇಕು.

ಮೂರು ವಾರದ ಹಿಂದೆ ಕಸ್ತೂರಿಯ ಮಗ ಬಿಸಿಲು ಬಡಿದು ಸತ್ತ. ಇನ್ನೂ ತೊದಲು ಮಾತಿನ ಕೂಸು. ಒಳಗನ್ನಡಿ ಹತ್ತಿರ ಬಂದಿದೆ, ಅಳಬೇಡ ಎಂದು ಓಣಿಯ ಹೆಂಗಸರೆಲ್ಲ ಅವಳ ಬಾಯಿ ಹಿಡಿದರು. ಅವಳು ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಳು. ತಲೆ ಬಾಚುವುದು ಬಿಟ್ಟಳು, ರೊಟ್ಟಿ ಮುರಿಯುವುದು ಬಿಟ್ಟಳು. ಎತ್ತಿಕೊಂಡು ಹೋದ ಹಾಗೆ ಚಾವಡಿಗೆ ಕರೆದೊಯ್ದೆವು. ಒಳಗನ್ನಡಿ ನೂರು ಹೊಳಿ ತೋರಿಸಿತು. ಊರವರು ಅವಳಿಗೆ ಶಾಲು ಹೊದಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಶಾಲು ಹೆಗಲಿನಿಂದ ಜಾರಿದ್ದೂ ಅವಳಿಗೆ ತಿಳಿಯಲಿಲ್ಲ.

ಆರೈಕೆ ಮನೆಯ ವೈದ್ಯ ಚನ್ನವೀರ ನನ್ನ ಮುಂದೆ ಬೆಳೆದ ಹುಡುಗ. ಅವನ ಹತ್ತಿರ ಹೋಗಿ, ಇವಳನ್ನು ಸೇರಿಸಿಕೋ ಎಂದೆ.

“ಕಾಕಾ, ಇಂಥಾ ಆರೋಗ್ಯ ಜಿಲ್ಲಾದಾಗ ಇನ್ನೊಂದಿಲ್ಲ. ನಿಮ್ಮ ಮನಿತನದ ರಕ್ತ ನೋಡ್ರಿ” ಎಂದ.

“ರಕ್ತ ಹಾಳಾಗಿ ಹೋಗ್ಲಿ ತಮ್ಮಾ, ಆಕಿ ಹೊಟ್ಟಿಗೆ ಏನೂ ತಗೊಳ್ಳವಲ್ಲಳು.”

“ನೂರು ಹೊಳಿ ಇದ್ದಾಕಿಗೆ ಔಷಧ ಕೊಟ್ಟರ ನನ್ನ ನೌಕರಿ ಉಳಿಯೂದಿಲ್ಲ. ಹಸಿವಾದಾಗ ಉಣತಾಳ, ನೀವು ನಡೀರಿ.”

ಆಗ ನಾನು, ನಮ್ಮ ಮನೆಯ ಹೆಂಗಸರು ಅಡುಗೆಮನೆಯಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದ ಮಾತನ್ನು ಅವನಿಗೆ ಹೇಳಿದೆ. ನಿಮಗೂ ಹೇಳುತ್ತೇನೆ, ಕೇಳಿ ಅಕ್ಕಾವರೆ. ನಿಮ್ಮ ಯಂತ್ರದೊಳಗೆ ಮಲಗಿದಾಗ ಹೊಳಿಬಸಪ್ಪನ ಮಗಳು ಜ್ವರದಲ್ಲಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಅವನಿಗೆ ನಿದ್ದೆ ಇರಲಿಲ್ಲ. ಅಲುಗಾಡದೆ ಮಲಗಿದ್ದು ಅವನ ಗಟ್ಟಿತನವಲ್ಲ, ಅಲುಗಾಡುವ ಮನಸ್ಸೇ ಅವನಿಗೆ ಇರಲಿಲ್ಲ. ನಿದ್ದೆ ಬರುತ್ತದೆಯೇ ಎಂದು ನೀವು ಕೇಳಿದ್ದಕ್ಕೆ ಬರುತ್ತದೆ ಎಂದ. ಮನಸ್ಸಿಗೆ ಬೇಸರವಿದೆಯೇ ಎಂದಿದ್ದಕ್ಕೆ “ಏನಿಲ್ರಿ, ಆರಾಮ ಅದೀನಿ” ಎಂದ. ಮನೆಗೆ ಬಂದ ಮೇಲೆ ಹೆಂಡತಿ ಹಣೆ ಬಡಿದುಕೊಂಡಳು.

“ಡಾಕ್ಟರ ಮುಂದಾದ್ರೂ ಹೇಳಬಾರದಾ?”

“ಆ ತಾಯಿ ಪಾಪ ಚಾ ಕೊಟ್ಟು, ಹೆಸರು ಹಿಡದು ಚಂದಂಗ ಮಾತಾಡಿಸಿದ್ರು. ಅವರ ಮುಂದ ನಮ್ಮ ಮನಿ ಸುದ್ದಿ ತಗದು ಅವರ ದಿನಾ ಕೆಡಿಸಲೇನು?”

ಇದನ್ನೆಲ್ಲ ಕೇಳಿ ಚನ್ನವೀರ ಬಾಗಿಲು ಮುಂದೆ ಮಾಡಿದ. “ನಿಮ್ಮ ಅಡಿಗಿಮನಿ ಮಾತಿಗೆ ಜಗತ್ತಿನ ಲೆಕ್ಕ ತಿರಗತೈತೇನು ಕಾಕಾ? ಹೊರಗ ಯಾರ ಮುಂದೂ ಅನಬ್ಯಾಡ್ರಿ. ಇದ್ದ ಕುರ್ಚಿನೂ ಹೋದೀತು” ಎಂದ. ಅಲ್ಲಿಂದ ಸೀದಾ ಮನೆಗೆ ಬಂದು ಕಾಗದ ತೆಗೆದೆ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಹೊಳಿಬಸಪ್ಪ ನಿಮ್ಮ ಕೋಣೆಗೆ ಬಂದಾಗ ಆರಾಮ ಇದ್ದೇನೆ ಎನ್ನುತ್ತಾನೆ. ನಮ್ಮ ಕಡೆ ಅದು ಉತ್ತರವಲ್ಲ, ಕೈ ಮುಗಿಯುವ ಒಂದು ರೀತಿ. ಅದನ್ನು ಬರೆದುಕೊಳ್ಳಬೇಡಿ. ಜೊತೆಯವರನ್ನು ಹೊರಗೆ ಕಳಿಸಿ, ಪೆನ್ನು ಕೆಳಗಿಟ್ಟು, ಮನೆಯಲ್ಲಿ ಯಾರ್ಯಾರಿದ್ದೀರಪ್ಪಾ ಎಂದು ಕೇಳಿ. ಹೆಂಡತಿ ಎನ್ನುತ್ತಾನೆ, ಮಗ ಎನ್ನುತ್ತಾನೆ, ಆಮೇಲೆ ತಡೆಯುತ್ತಾನೆ. ಅಲ್ಲಿ ನೀವೂ ತಡೆಯಿರಿ. ಅವನ ಬಾಯಿಗೆ ನೀವು ಮಾತು ಇಡಬೇಡಿ, ಹೊರಗೆ ಕಾದವರಿದ್ದಾರೆಂದು ಗಡಿಯಾರ ನೋಡಬೇಡಿ. ಅವನು ನಿಮ್ಮ ಮುಂದೆ ಅತ್ತರೆ ಆ ದಿನ ಯಂತ್ರದ ಕಡೆ ಕರೆದೊಯ್ಯದೆ, ನಿಮ್ಮ ರೋಗಿಗಳಿಗೆ ಏನು ಮಾಡುತ್ತೀರೋ ಅದನ್ನು ಅವನಿಗೂ ಮಾಡಿ. ಕುಗ್ಗದವರ ಸಾಲಿನಿಂದ ಅವನನ್ನು ಬಿಡಿಸಿ. ನಿಮಗೆ ಒಂದು ಚಿತ್ರ ಕಡಿಮೆಯಾಗುತ್ತದೆ, ನಮ್ಮ ಮನೆತನಕ್ಕೆ ಕುರ್ಚಿ ಇಲ್ಲವಾಗುತ್ತದೆ. ಆಗಲಿ. ಜಂಬ ಕೊಚ್ಚಿಕೊಳ್ಳಲು ನಾನು ಬೇರೆ ಏನಾದರೂ ಹುಡುಕಿಕೊಂಡೇನು.

ಇದನ್ನು ಹಿಂದಂಚೆಗೆ ಹಾಕಿ ಬಂದು ಕಸ್ತೂರಿಯ ಕೋಣೆಯ ಹೊಸ್ತಿಲಲ್ಲಿ ಕೂರುತ್ತೇನೆ. ನಿಮಗೆ ಮುಟ್ಟಿದ್ದರೆ ಇಲ್ಲಿಯ ಅಳತೆ ಬೇರೆಯಾಗಿರಬೇಕು. ಅಳುವ ತಾಯಿಯ ಬಾಯಿಯನ್ನು ಯಾರೂ ಹಿಡಿದಿರಬಾರದು. ಒಳಗಿನಿಂದ ಅವಳ ಅಳು ಕೇಳಿಸಿದರೆ, ನನ್ನ ಪತ್ರ ನಿಮಗೆ ಸಿಕ್ಕಿತೆಂದು ತಿಳಿದು, ಅಲ್ಲಿಂದಲೇ ನಿಮಗೆ ಕೈ ಮುಗಿಯುತ್ತೇನೆ. ಕೇಳಿಸದಿದ್ದರೆ ಗಂಗಾಳದಲ್ಲಿ ರೊಟ್ಟಿ ಹಾಕಿಕೊಂಡು ಇನ್ನೊಮ್ಮೆ ಒಳಗೆ ಹೋಗುತ್ತೇನೆ.

ನಿಮ್ಮ,
ಶಿದ್ಲಿಂಗಪ್ಪ